ಪಕ್ಕದ ಸೀಟಿನ ಬ್ರೇಕು

ಬ್ರೇಕ್ ಮೇಷ್ಟ್ರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಕಾರು ಕಲಿಸುವವರಿಗೆ ಅದು ಇರಬಾರದ ಜಾಗ. ಆದರೂ ಊರಿನ ಅರ್ಧ ಜನ ಅವರ ಬೈಗುಳ ತಿಂದೇ ಸ್ಟಿಯರಿಂಗ್ ಹಿಡಿಯಲು ಕಲಿತಿದ್ದರು. ಅವರ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು ಇತ್ತು. ಕಲಿಯುವವನು ಮೈಮರೆತರೆ ಮೇಷ್ಟ್ರು ಅದನ್ನು ಒತ್ತುತ್ತಿದ್ದರು. ಒತ್ತಿ ಒತ್ತಿ ಆ ಹೆಸರೇ ಅಂಟಿಕೊಂಡಿತು.

ಈಗ ಆ ಬ್ರೇಕೇ ಕುತ್ತಿಗೆಗೆ ಬಂದಿತ್ತು. ಸಾರಿಗೆ ಇಲಾಖೆಯವರು ಅವರ ಕಲಿಸುವ ಲೈಸೆನ್ಸು ರದ್ದು ಮಾಡಿದ್ದರು. ಪರೀಕ್ಷೆಯ ಹೊತ್ತಿನಲ್ಲಿ ಕದ್ದು ಬ್ರೇಕ್ ಒತ್ತಿ, ಫೇಲಾಗಬೇಕಾದವನನ್ನು ಪಾಸು ಮಾಡಿಸಿದರು ಅನ್ನುವುದು ಆರೋಪ. ಪರೀಕ್ಷೆಯಲ್ಲಿ ಮೇಷ್ಟ್ರು ಪಕ್ಕದಲ್ಲಿ ಕೂರಬಹುದು, ಕಾಲಾಡಿಸುವಂತಿಲ್ಲ. ಯಾರದೋ ಜೀವ ಉಳಿಸಲು ಒತ್ತಿದರೂ, ಹಿಂದೆ ಕೂತ ಅಧಿಕಾರಿಗೆ ಅಲ್ಲೇ ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಓಡಿಸುತ್ತಿದ್ದವನು ಫೇಲು.

ಓಡಿಸುತ್ತಿದ್ದವನು ಒಬ್ಬ ಸೋಫಾ ಅಂಗಡಿಯ ಮಾಲೀಕ. ಮೇಷ್ಟ್ರು ಅವನಿಗಿಟ್ಟ ಹೆಸರು ಮಹಾರಾಜ. ರಸ್ತೆಯವರೆಲ್ಲ ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲಬೇಕು ಅನ್ನುವ ಹಾಗೆ ಓಡಿಸುತ್ತಿದ್ದ. ಗೇರು ಕಿರುಗುಟ್ಟಿದರೆ ಕಾರೇ ಸರಿಯಿಲ್ಲ ಅನ್ನುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೇಲಿಂದ ಮೇಲೆ ಫೇಲಾಗಿ, ಪ್ರತಿ ಸಲವೂ ಆಫೀಸಿಗೆ ಬಂದು ಮೇಷ್ಟ್ರ ಮೇಲೆ ಹಾರಾಡಿದ್ದ. ಕೊನೆಯ ಪರೀಕ್ಷೆಯ ದಿನ ಜೀಬ್ರಾ ಪಟ್ಟೆಯ ಮೇಲೆ ಒಬ್ಬ ಮುದುಕ ಅಡ್ಡ ಬಂದ. ಮಹಾರಾಜನ ಕಾಲು ಕದಲಲಿಲ್ಲ, ಮೇಷ್ಟ್ರ ಕಾಲು ಕದಲಿತು. ಕಾರು ನಿಂತಿತು. ಹಿಂದಿದ್ದ ಅಧಿಕಾರಿ ತಲೆ ತಗ್ಗಿಸಿ ಅಂಕ ಹಾಕುತ್ತಿದ್ದ. ಹೇಳೋಣ ಅಂತ ಮೇಷ್ಟ್ರು ಬಾಯಿ ತೆರೆದರು. ಹೇಳಿದರೆ ಈ ಪ್ರಾಣಿಯ ಪಕ್ಕ ಇನ್ನೂ ಎಷ್ಟು ದಿನ ಕೂರಬೇಕೋ ಅನ್ನಿಸಿ ಮುಚ್ಚಿಕೊಂಡರು. ಪೀಡೆ ತೊಲಗಿದರೆ ಸಾಕಾಗಿತ್ತು.

ಪೀಡೆ ತೊಲಗಿ ರಸ್ತೆಗಿಳಿಯಿತು. ತಿಂಗಳು ತುಂಬುವ ಮೊದಲೇ ಮಹಾರಾಜ ಇನ್ನೊಂದು ಪಟ್ಟೆಯ ಮೇಲೆ, ಹೊಲಿಗೆ ಅಂಗಡಿಗೆ ಹೊರಟಿದ್ದ ಟೈಲರಮ್ಮನಿಗೆ ಗುದ್ದಿದ. ಅವಳ ಬಲಗಾಲನ್ನು ಮಂಡಿಯ ಕೆಳಗೆ ಕತ್ತರಿಸಬೇಕಾಯಿತು. ಇಂಥವನು ಪಾಸಾದದ್ದಾದರೂ ಹೇಗೆ ಅಂತ ವಿಚಾರಣೆ ಎದ್ದಾಗ, ಅಧಿಕಾರಿಗೆ ಇದ್ದಕ್ಕಿದ್ದಂತೆ ಆವತ್ತು ಮೇಷ್ಟ್ರ ಮೊಣಕಾಲು ಅಲುಗಾಡಿದ್ದು ನೆನಪಾಯಿತು.

"ಒತ್ತಿದ್ರಾ?" ಅಂತ ಹೆಂಡತಿ ಒಂದೇ ಸಲ ಕೇಳಿದ್ದಳು.

"ಇಲ್ಲ ಕಣೇ! ನಿನಗೂ ಅನುಮಾನವಾ?" ಅಂತ ಮೇಷ್ಟ್ರು ಹಾರಿಬಿದ್ದಿದ್ದರು.

ಅವಳು ನಂಬಿದಳು. ಡ್ರೈವಿಂಗ್ ಶಾಲೆಯ ಫೋನು, ಪಾಠದ ಹೊತ್ತು, ಅಳುವ ವಿದ್ಯಾರ್ಥಿಗಳ ಸಮಾಧಾನ, ಎಲ್ಲ ನೋಡಿಕೊಂಡಿದ್ದವಳು ಅವಳು. ಗಂಡನ ಲೈಸೆನ್ಸು ಹೋದರೆ ಅವಳ ಕೆಲಸವೂ ಹೋಯಿತು. ಗಂಡನ ಪರವಾಗಿ ಅಕ್ಕಪಕ್ಕದವರ ಜೊತೆ ಜಗಳ ಕಾದಳು, ಸ್ವಂತ ತಂಗಿಯ ಜೊತೆ ಮಾತು ಬಿಟ್ಟಳು. ರದ್ದತಿಯ ವಿರುದ್ಧ ಕೋರ್ಟಿಗೆ ಹೋಗಲು ವಕೀಲೆಯನ್ನು ಹುಡುಕಿದ್ದೂ ಅವಳೇ.

ವಕೀಲೆ ಲೆಕ್ಕಾಚಾರದ ಹೆಂಗಸು. "ಮಹಾರಾಜನೇ ನಮ್ಮ ಸಾಕ್ಷಿ. ನೀವು ಒತ್ತಿಲ್ಲ ಅಂತಾದ್ರೆ ಅವನ ಪರೀಕ್ಷೆ ಸಾಚಾ ಆಗುತ್ತೆ, ಅಮಾನತಾದ ಲೈಸೆನ್ಸು ಅವನಿಗೂ ವಾಪಸ್ ಬರುತ್ತೆ. ನೀವು ಮಾತ್ರ ದಯವಿಟ್ಟು ಬಾಯಿ ಬಿಡ್ಬೇಡಿ," ಅಂದಳು. ಮೇಷ್ಟ್ರದೂ ಮಹಾರಾಜನದೂ ಎಣ್ಣೆ ಸೀಗೇಕಾಯಿ ಸಂಬಂಧ. ಆದರೂ ಒಬ್ಬನ ಸುಳ್ಳು ಇನ್ನೊಬ್ಬನಿಗೆ ಬೇಕಾಗಿತ್ತು.

ಕೋರ್ಟಿನ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಕೊನೆಯ ಬೆಂಚಿನಲ್ಲಿ ಟೈಲರಮ್ಮ ಊರುಗೋಲುಗಳನ್ನು ಗೋಡೆಗೆ ಒರಗಿಸಿ ಕೂತಿದ್ದಳು. ಮೇಷ್ಟ್ರು ಆ ಕಡೆ ತಿರುಗಲಿಲ್ಲ. ವಕೀಲೆ ಅಧಿಕಾರಿಯನ್ನು ಆಗಲೇ ಹಿಂಡಿ ಹಿಪ್ಪೆ ಮಾಡಿದ್ದಳು. ಆವತ್ತೇ ಯಾಕೆ ಹೇಳಲಿಲ್ಲ ಅನ್ನುವ ಪ್ರಶ್ನೆಗೆ ಆ ಮನುಷ್ಯ ಬೆವರು ಒರೆಸಿಕೊಂಡು ಕೈಯಲ್ಲಿದ್ದ ಕಾಗದ ತಿರುವಿದ್ದ. ಮಹಾರಾಜ ಇಸ್ತ್ರಿ ಮಾಡಿದ ಅಂಗಿಯಲ್ಲಿ ಕಟಕಟೆ ಹತ್ತಿದ.

"ಆ ದಿನ ಬ್ರೇಕ್ ಹಾಕಿದ್ದು ಯಾರು?" ವಕೀಲೆ ಕೇಳಿದಳು.

"ನಾನೇ ಮೇಡಂ. ಮುದುಕಪ್ಪ ಇನ್ನೂ ದೂರದಲ್ಲಿರುವಾಗ್ಲೇ ನೋಡಿದ್ದೆ."

"ಅಷ್ಟು ಸಾಕು."

ಅವನಿಗೆ ಸಾಕಾಗಿರಲಿಲ್ಲ. "ನಿಜ ಹೇಳ್ಬೇಕಂದ್ರೆ ಈ ಮೇಷ್ಟ್ರೇ ಹೆದರಿ ಕಣ್ಣು ಮುಚ್ಕೊಂಡಿದ್ರು. ನಾನೇ ಧೈರ್ಯ ಹೇಳ್ದೆ. ಇವರು ನನಗೆ ಕಲಿಸಿದ್ದು ಏನೂ ಇಲ್ಲ, ಡ್ರೈವಿಂಗು ನನಗೆ ಹುಟ್ಟಿನಿಂದ್ಲೇ ಬಂದಿದ್ದು. ಆ ಟೈಲರಮ್ಮನ ಕೇಸಲ್ಲೂ ಅಷ್ಟೇ, ನೋಡ್ದೆ ನುಗ್ಗಿದ್ದು ಆಯಮ್ಮ."

ಟೈಲರಮ್ಮನ ಬಗ್ಗೆ ಅವನಾಡಿದ ಮಾತಿಗೆ ಮೇಷ್ಟ್ರು ಕೆರಳಿದರು ಅಂದರೆ ಅವರ ಗೌರವ ಹೆಚ್ಚೀತು. ನಿಜ ಹೇಳಬೇಕು, ಅವರು ಕೆರಳಿದ್ದು ಕಣ್ಣು ಮುಚ್ಚಿಕೊಂಡರು ಅನ್ನುವ ಮಾತಿಗೆ.

"ಲೇ ಸುಳ್ಳಾ!" ಕುರ್ಚಿ ಹಿಂದಕ್ಕೆ ಉರುಳಿತು. "ನಿನ್ನ ಕಾಲು ಆಕ್ಸಿಲರೇಟರ್ ಮೇಲಿತ್ತಲ್ಲೋ! ಬ್ರೇಕ್ ಒತ್ತಿದ್ದು ನಾನು! ಒತ್ತದೇ ಇದ್ದಿದ್ರೆ ಆ ಮುದುಕ ಆವತ್ತೇ ಬಾನೆಟ್ ಮೇಲಿರ್ತಿದ್ದ!"

ವಕೀಲೆ ಹಣೆ ಹಿಡಿದುಕೊಂಡಳು. ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಗಾದೆ ಮಾಡಿದವರು ಮೇಷ್ಟ್ರನ್ನು ನೋಡಿಯೇ ಮಾಡಿರಬೇಕು. ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು, "ಇನ್ನೊಮ್ಮೆ ಹೇಳಿ. ದಾಖಲಾಗ್ಬೇಕು," ಅಂದರು.

"ಸಿಟ್ಟಲ್ಲಿ ಏನೋ ಅಂದೆ ಅನ್ನಿ," ವಕೀಲೆ ಪಿಸುಗುಟ್ಟಿದಳು. "ಇನ್ನೂ ಕೆಟ್ಟಿಲ್ಲ."

ಕೆಟ್ಟಿರಲಿಲ್ಲ, ನಿಜ. ಮುಂಗೋಪಿ ಅಂತ ಊರಿಗೇ ಗೊತ್ತಿತ್ತು, ನ್ಯಾಯಾಧೀಶರೂ ನಂಬುತ್ತಿದ್ದರೇನೋ. ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. ಅವಳು ಇವರನ್ನು ನೋಡದೆ ಗೋಡೆ ನೋಡುತ್ತಿದ್ದಳು. ಅವಳ ಹಿಂದೆ ಟೈಲರಮ್ಮ ಮುಂದಕ್ಕೆ ಬಾಗಿ, ಬೆಂಚಿನ ಅಂಚು ಹಿಡಿದು ಕಾಯುತ್ತಿದ್ದಳು. ಮೇಷ್ಟ್ರಿಗೆ ಭಯವಾಯಿತು, ಜೊತೆಗೆ ನಾಚಿಕೆಯೂ ಆಯಿತು.

"ನಾನೇ ಒತ್ತಿದ್ದು," ಅಂದರು, ಈ ಸಲ ಕೂಗದೆ. "ಅಧಿಕಾರಿಗೆ ಹೇಳ್ಲಿಲ್ಲ. ಇವನು ತೊಲಗಿದ್ರೆ ಸಾಕು ಅಂತ ಸುಮ್ಮನಾದೆ."

ರದ್ದತಿಯ ಆದೇಶ ಹಾಗೇ ಉಳಿಯಿತು. ಮಹಾರಾಜನ ಪಾಸೂ ಹೋಯಿತು. ಹೊರಗೆ ವರಾಂಡದಲ್ಲಿ ಅವನು, "ಮಾನ ಇದೆಯೇನ್ರೀ ನಿಮಗೆ? ನಿಮ್ಮನ್ನ ಉಳಿಸೋಕೆ ಬಂದಿದ್ದೆ!" ಅಂತ ಕೈ ಎತ್ತಿಕೊಂಡು ಬಂದ. ಮೇಷ್ಟ್ರೂ ತೋಳೇರಿಸಿದರು. ಕೋರ್ಟಿನ ಜವಾನ ಇಬ್ಬರನ್ನೂ ಎರಡು ದಿಕ್ಕಿಗೆ ತಳ್ಳಿದ.

ಹೆಂಡತಿ ಹತ್ತಿರ ಬಂದಳು. "ಶಾಲೆ ಹೋಯ್ತು, ಹೋಗ್ಲಿ. ನನಗೂ ಸುಳ್ಳು ಹೇಳಿದ್ರಲ್ಲ. ನಿಮ್ಮ ಸುಳ್ಳಿಗೋಸ್ಕರ ನಾನು ತಂಗೀನ ಬಾಯಿಗೆ ಬಂದ ಹಾಗೆ ಬೈದೆ," ಅಂದಳು.

"ಈಗ ನಿಜ ಹೇಳಿದ್ನಲ್ಲೇ!"

"ಹೇಳಿದ್ದಲ್ಲ ರೀ. ಬಾಯಿಂದ ಬಿತ್ತು."

ಮೆಟ್ಟಿಲ ಹತ್ತಿರ ಟೈಲರಮ್ಮ ನಿಂತಿದ್ದಳು. ಇವಳಾದರೂ ಒಂದು ಒಳ್ಳೆಯ ಮಾತು ಆಡಿಯಾಳು ಅನ್ನುವ ಆಸೆ ಮೇಷ್ಟ್ರಿಗೆ ಇತ್ತು. ಎರಡು ಸಲ ಹೇಳಿದೆನಲ್ಲ, ಎರಡನೆಯದು ಸಿಟ್ಟಿನಲ್ಲಿ ಹೇಳಿದ್ದಲ್ಲವಲ್ಲ. ಅವರು ಕೈ ಮುಗಿದರು.

ಅವಳು ಮುಗಿಯಲಿಲ್ಲ. "ನಿಮ್ಮನ್ನ ಹೊಗಳೋಕೆ ನಿಂತಿಲ್ಲ ನಾನು," ಅಂದಳು. "ಅವನಿಗೆ ಓಡಿಸೋಕೆ ಬರಲ್ಲ ಅಂತ ನನಗೆ ಗೊತ್ತಿರಲಿಲ್ಲ. ಅಧಿಕಾರಿಗೂ ಗೊತ್ತಿರಲಿಲ್ಲ. ಅವನಿಗೇ ಗೊತ್ತಿರಲಿಲ್ಲ. ನಿಮಗೊಬ್ಬರಿಗೇ ಗೊತ್ತಿತ್ತು."

ಅಷ್ಟು ಹೇಳಿ ಅವಳು ಮೆಟ್ಟಿಲಿನತ್ತ ಊರುಗೋಲು ಚಾಚಿದಳು. ಮೇಷ್ಟ್ರು ಹಿಡಿಯಲು ಮುಂದಾದರು. "ಮುಟ್ಬೇಡಿ," ಅಂದಳು. ಆಗ ಹೆಂಡತಿ ಗಂಡನನ್ನು ದಾಟಿಕೊಂಡು ಹೋಗಿ, "ಬ್ಯಾಗು ನನ್ನ ಕೈಗೆ ಕೊಡಿ ಅಕ್ಕಾ," ಅಂತ ಅವಳ ತೋಳು ಹಿಡಿದಳು. ಇಬ್ಬರೂ ಒಂದೊಂದೇ ಮೆಟ್ಟಿಲು ಇಳಿದು, ರಸ್ತೆಯ ಜನದೊಳಗೆ ಸೇರಿಹೋದರು. ಮೇಷ್ಟ್ರು ಮೇಲೆಯೇ ನಿಂತಿದ್ದರು. ಯಾರನ್ನಾದರೂ ಬೈಯಬೇಕು ಅನ್ನಿಸಿತು, ಬೈಯಲು ಯಾರೂ ಉಳಿದಿರಲಿಲ್ಲ.