ನೆರಿಗೆ ಪರದೆಯೂ ಎರಡನೇ ನಾಂದಿಯೂ

ನಾನು ಒಂದು ಪರದೆ. ಗಾಳಿಗೆ ಹಾರಾಡುವ ಬಟ್ಟೆಯ ಪರದೆಯಲ್ಲ, ದಯವಿಟ್ಟು ನನ್ನನ್ನು ಆ ಸಾಲಿಗೆ ಸೇರಿಸಬೇಡಿ. ನಾನು ಕ್ಯಾರವಾನಿನ ಕಿಟಕಿಯ ನೆರಿಗೆ ಪರದೆ. ಕಾರ್ಖಾನೆಯಲ್ಲಿ ನನ್ನನ್ನು ಮಡಿಕೆ ಮಡಿಕೆಯಾಗಿ ಇಸ್ತ್ರಿ ಹೊಡೆದು, ಮಡಿಕೆಗಳ ತೂತುಗಳಲ್ಲಿ ಎರಡು ದಾರ ಪೋಣಿಸಿ ಕಿಟಕಿಯ ಮೇಲೂ ಕೆಳಗೂ ಬಿಗಿಯಾಗಿ ಕಟ್ಟಿದರು. ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುವುದು ನನ್ನ ಹುಟ್ಟುಗುಣ. ಮನುಷ್ಯರಲ್ಲೂ ಅಂಥವರು ಕಡಿಮೆ.

ಮೊದಲು ಸಿನಿಮಾದವರ ಜೊತೆ ಊರೂರು ತಿರುಗಿದೆ. ಕ್ಯಾರವಾನ್ ಹಳತಾದಾಗ ಗುರುಬಸಪ್ಪ ಮಾಲಕರು ತಮ್ಮ ನಾಟಕ ಕಂಪನಿಗೆ ಕೊಂಡು, ರಂಗದ ಹಿಂದೆಯೇ ನಿಲ್ಲಿಸಿ, ನಟಿಯರಿಗೆ ಬಣ್ಣದ ಕೋಣೆ ಮಾಡಿದರು. ಅಷ್ಟರಲ್ಲಿ ಬಿಸಿಲಿಗೆ ನನ್ನ ದಾರಗಳು ಜೀರ್ಣವಾಗಿದ್ದವು. ಇಳಕಲ್ಲಿನ ಕ್ಯಾಂಪಿನಲ್ಲಿ ಅವು ತುಂಡಾಗಿ ನಾನು ಜೋತುಬಿದ್ದೆ. ಗಾಳಿ ಬಂದರೆ ಸಾಕು, ಬಟ್ಟೆಯ ಪರದೆಯಂತೆ ಹಾರತೊಡಗಿದೆ. ಥೂ, ಯಾರಿಗೂ ಬೇಡ ಆ ಗತಿ.

ಅದೇ ಕ್ಯಾಂಪಿಗೆ ನಾಯಕಿ ನಿಂಬೆವ್ವ ಬಾಣಂತನ ಮುಗಿಸಿ, ಕೂಸನ್ನು ಎತ್ತಿಕೊಂಡು ಬಂದಳು. ಮಾಲಕರು ಕೆಟ್ಟವರಲ್ಲ, ಆಟದ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು.

"ನಿಂಬೆವ್ವಾ, ಕೂಸಿನ ಸಲುವಾಗಿ ಒಂದ ಪ್ರವೇಶ ತಪ್ಪಿದ್ರೂ ನಿನ್ನ ಪಾರ್ಟು ಬ್ಯಾರೇದಾಕಿಗೆ ಕೊಡತೀನಿ ನೋಡವಾ" ಎಂದರು.

ಅವಳಿಗೆ ಪಾರ್ಟೂ ಬೇಕು, ಕೂಸೂ ಬೇಕು. ಹಾಲುಣಿಸಲು ಇದ್ದದ್ದು ಈ ಕ್ಯಾರವಾನ್ ಒಂದೇ. ಅದರ ಕಿಟಕಿಗೋ, ನಾಯಕಿಯನ್ನು ಹತ್ತಿರದಿಂದ ನೋಡುವ ಆಸೆಯ ಪಡ್ಡೆ ಹುಡುಗರು ಮುತ್ತುತ್ತಿದ್ದರು. ಪೂರ್ತಿ ಮುಚ್ಚಿದರೆ ಸೆಕೆಗೆ ಕೂಸು ಚೀರುತ್ತಿತ್ತು. ಬುಡದಲ್ಲಿ ಗಾಳಿಗಿಷ್ಟು ಸಂದು ಬಿಟ್ಟು ನಾನು ಗಟ್ಟಿಯಾಗಿ ನಿಲ್ಲಬೇಕಿತ್ತು.

ರಂಗದ ಪರದೆ ಎಳೆಯುವ ಮಾನಪ್ಪ ಕಾಕಾ ಮುಂದೆ ಬಂದ. "ಪರದಿ ಅಂದ್ರ ನನಗ ಬಿಡು ತಂಗಿ" ಎಂದ. ಎಡವಿದ್ದೇ ಅಲ್ಲಿ. ರಂಗದ ಪರದೆಯ ಹಗ್ಗಗಳನ್ನು ಮೇಲೆ ಒಯ್ದು ಒಂದು ಬದಿಗೆ ಇಳಿಬಿಡುತ್ತಾರೆ. ಎಳೆದರೆ ಮೇಲೆ, ಬಿಟ್ಟರೆ ಕೆಳಗೆ. ನನ್ನನ್ನೂ ಹಾಗೆಯೇ ಕಟ್ಟಿಬಿಟ್ಟ. ನಿಂಬೆವ್ವ ಹಾಲುಣಿಸುತ್ತಾ ಗಾಳಿಗೆಂದು ದಾರವನ್ನು ಒಂಚೂರು ಜಗ್ಗಿದಳು ನೋಡಿ, ನಾನು ಸರ್ರನೆ ಕಿಟಕಿಯ ನೆತ್ತಿಗೇರಿದೆ. ಹೊರಗೆ ಶೇಂಗಾ ತಿನ್ನುತ್ತಿದ್ದ ಹುಡುಗರು ಸಿಳ್ಳೆ ಹೊಡೆದರು. ಅವಳು ಸೆರಗು ಮುಚ್ಚಿಕೊಂಡು ಅತ್ತುಬಿಟ್ಟಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ.

"ಕಾಕಾ, ಇದು ಆಟ ತೋರಸೂ ಪರದಿ ಅಲ್ಲರಿ. ಮುಚ್ಚೂ ಪರದಿ" ಎಂದಳು.

ಮಾನಪ್ಪ ಪಕ್ಕದ ಕಿಟಕಿಯಲ್ಲಿ ಇನ್ನೂ ನೆಟ್ಟಗಿದ್ದ ನನ್ನ ತಂಗಿ ಪರದೆಯನ್ನು ಬಿಚ್ಚಿ, ದಾರ ಹೋಗುವ ದಾರಿ ನೋಡಿಕೊಂಡ. ದಬ್ಬಣಕ್ಕೆ ನೈಲಾನ್ ದಾರ ಪೋಣಿಸಿ, ಮೇಲೆ ಎಡದಿಂದ ಮಡಿಕೆಗಳೊಳಗೆ ಇಳಿಸಿ, ಕೆಳಪಟ್ಟಿಯಲ್ಲಿ ಅಡ್ಡ ಹಾಯಿಸಿ, ಬಲಗಡೆ ಕಿಟಕಿಯ ಬುಡಕ್ಕೆ ಬಿಗಿದ. ಇನ್ನೊಂದನ್ನು ಬಲದಿಂದ ಎಡಕ್ಕೆ ತಂದ. ಕನ್ನಡಕ ಜಾರುತ್ತಿತ್ತು, ದಬ್ಬಣ ಬೆರಳಿಗೆ ಚುಚ್ಚುತ್ತಿತ್ತು, ತನ್ನನ್ನೇ ಬೈದುಕೊಳ್ಳುತ್ತಾ ಕಟ್ಟಿದ. ಆ ಒರಟು ಕೈಗಳ ಮೇಲೆ ನನಗೆ ತುಂಬಾ ಪ್ರೀತಿ ಬಂತು.

ಅಂದು ಸಂಜೆ ಬಣ್ಣ ಹಚ್ಚಿ ಮುಗಿದದ್ದೇ ತಡ, ಕೂಸು ಎದ್ದಿತು. ನಿಂಬೆವ್ವ ನನ್ನನ್ನು ಇಳಿಸಿ ಸಂದು ಬಿಟ್ಟಳು. ನಾನು ನಿಂತೆ. ಹುಡುಗರು ಇಣುಕಿ ಇಣುಕಿ ಸೋತು ಹೋದರು. ರಂಗದಲ್ಲಿ ದೇವರ ಸ್ತುತಿಯ ನಾಂದಿ ಹಾಡು ಮುಗಿದು, ಆಟ ಶುರುವೆಂಬ ಮೂರನೇ ಗಂಟೆಯನ್ನೂ ಬಾರಿಸಿದರು. ಮೊದಲ ಪ್ರವೇಶವೇ ಅವಳದು. ಬಿಡಿಸಲು ಹೋದರೆ ಕೂಸು ಬಿಡಲೊಲ್ಲದು. 

ಅಷ್ಟರಲ್ಲಿ ಮಾಲಕರ ಗದರಿಕೆ ಕೇಳಿಸಿತು. "ಮಾನಪ್ಪಾ, ಪರದಿ ಎಳಿಯೋ."

"ಎಳಿಯೂದಿಲ್ರಿ."

"ಯಾಕ?"

"ಕೂಸು ಹಾಲು ಕುಡ್ಯಾಕತ್ತೈತ್ರಿ. ಪರದೀನ ಏಳಲಿಲ್ಲಂದ್ರ ಪ್ರವೇಶ ಹ್ಯಾಂಗ ತಪ್ಪತೈತ್ರಿ ಮಾಲಕರ?"

 ಮಾಲಕರು ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರಿಗೆ, "ಇನ್ನೊಮ್ಮೆ ನಾಂದಿ ಹಿಡೀರಿ" ಎಂದರು. ನಿಂಬೆವ್ವ ಕೂಸಿನ ತಲೆ ಸವರುತ್ತಾ ಗೋಡೆಗೆ ಒರಗಿದಳು.

ಈಗ ನಾನು ಮುದುಕಿ. ಬಣ್ಣ ಮಾಸಿದೆ, ಕ್ಯಾರವಾನಿನ ಎಂಜಿನ್ ಸತ್ತಿದೆ; ಲಾರಿ ಎಳೆದುಕೊಂಡು ಹೋದ ಊರಿಗೆ ಹೋಗಿ ಮೂಲೆಯಲ್ಲಿ ನಿಲ್ಲುತ್ತೇವೆ. ಮಾನಪ್ಪನೂ ಇಲ್ಲ, ಮಾಲಕರೂ ಇಲ್ಲ. ಆದರೆ ಕಂಪನಿಯಲ್ಲಿ ಹಾಲೂಡುವ ತಾಯಿಯೊಬ್ಬಳು ಪಾರ್ಟು ಮಾಡುವ ದಿನ ನಾಂದಿಯನ್ನು ಎರಡು ಸಲ ಹಾಡುವ ರೂಢಿ ಇಂದಿಗೂ ಇದೆ. ಮುಂದೆ ಕುಳಿತ ಜನ, ಈ ಕಂಪನಿಯವರು ಎಷ್ಟು ದೈವಭಕ್ತರಪ್ಪಾ ಎಂದು ಕೈ ಮುಗಿಯುತ್ತಾರೆ.