ಕಲ್ಲು ಹೊತ್ತವನ ರೀಲು

ಎರಡು ಪಂಚೆಗಳನ್ನು ಪಕ್ಕಪಕ್ಕ ಇಟ್ಟು ಹೊಲಿದ ಪರದೆ ಅದು. ಎರಡೂ ನಮ್ಮ ಹೆಡ್‌ಮಾಸ್ಟರ್ ಚೆನ್ನಿಗರಾಯಪ್ಪನವರು ಶಾಲೆಗೆ ಕೊಟ್ಟ ದಾನ. ಹಸಿರು ಅಂಚು ಸರಿಯಾಗಿ ನಡುವೆ ಬಂದಿದ್ದರಿಂದ, ಆ ಪರದೆಯ ಮೇಲೆ ಕಾಣಿಸಿಕೊಂಡ ಕಂಪನಿ ದೊರೆಗಳಿಗೆಲ್ಲ ಹಣೆಯಿಂದ ಗಲ್ಲದವರೆಗೆ ಒಂದು ಹಸಿರು ಗೆರೆ ಇರುತ್ತಿತ್ತು. ಬಿಳಿಯರ ಮುಖ ಇರುವುದೇ ಹಾಗೆ ಎಂದು ಮಕ್ಕಳು ತಿಳಿದುಕೊಂಡರು. ನಾನು ತಿದ್ದಲಿಲ್ಲ.

ಆಗ ನಾನು ಆ ಊರಿನ ಚರಿತ್ರೆಯ ಮೇಷ್ಟ್ರು. ಪಾಠಪುಸ್ತಕದಲ್ಲಿ ಕಂಪನಿ ಸರ್ಕಾರದ ಮೊದಲ ಮೂವತ್ತು ವರ್ಷಗಳಿಗೆ ಒಂದೂವರೆ ಪುಟ ಕೊಟ್ಟಿದ್ದರು. ಅದರಲ್ಲಿ ಅರ್ಧ ಪುಟ ಒಂದು ರಸ್ತೆಯ ಚಿತ್ರ. ಓದಿ ಮುಗಿಸಿದ ಮೇಲೂ ಗಂಟೆ ಹೊಡೆಯಲು ಇಪ್ಪತ್ತೈದು ನಿಮಿಷ ಉಳಿಯುತ್ತಿತ್ತು. ಹಾಗಾಗಿ ನಾನೇ ಸ್ವಲ್ಪ ಚರಿತ್ರೆ ತಯಾರಿಸುತ್ತಿದ್ದೆ. ಶಾಲೆಯ ಹಿಂದಿನ ಗೋಡೆಯಲ್ಲಿ ಒಂದು ತಗ್ಗಿತ್ತು. ಯಾವುದೋ ಗಾಡಿಯ ಅಚ್ಚು ತಗುಲಿ ಆದದ್ದು. ಕಂಪನಿ ಕಪ್ತಾನನ ಕುದುರೆ ಹುಲ್ಲು ಸಿಗದೆ ಹಸಿದು ಕಚ್ಚಿದ ಗುರುತು ಅದು ಎಂದು ಹೇಳಿಕೊಟ್ಟಿದ್ದೆ. ಹದಿನೈದು ವರ್ಷ ಆ ಊರಿನ ಮಕ್ಕಳು ಅದರೊಳಗೆ ಬೆರಳಿಟ್ಟು ಹಲ್ಲು ಎಣಿಸಿದರು. ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ ಬರುತ್ತಿತ್ತು.

ಅಂಥದ್ದರಲ್ಲಿ ಜಿಲ್ಲಾ ಕಚೇರಿಯಿಂದ ಪ್ರೊಜೆಕ್ಟರ್ ಬಂತು. ಎತ್ತಿನ ಗಾಡಿಯಿಂದ ಅದನ್ನು ಇಳಿಸಲು ಏಳು ಜನ ಬೇಕಾದರು. ಎಂಟನೆಯವನು ನಾನು, ಹೇಗೆ ಇಳಿಸಬೇಕೆಂದು ಹೇಳುತ್ತಿದ್ದೆ. ಅದರ ದೀಪದ ಶಾಖಕ್ಕೆ ಸೂರಿನಲ್ಲಿದ್ದ ಹಲ್ಲಿ ಬೆಂದು ಹುರಿಗಡಲೆಯ ಹಾಗೆ ಉದುರಿತು ಎಂದರೆ ನೀವು ನಂಬುವುದಿಲ್ಲ. ಬೇಡ ಬಿಡಿ. ನನ್ನ ಮಾತನ್ನು ನಂಬದೆ ಕೇಳುವುದು ಆ ಊರಿನವರಿಗೆ ಅಭ್ಯಾಸವಾಗಿತ್ತು. ಅದು ಇಬ್ಬರಿಗೆ ತಾಗುವ ದಿನ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಜೊತೆಗೆ ಒಂದೇ ಒಂದು ರೀಲು ಬಂದಿತ್ತು, ಕಂಪನಿ ಆಳ್ವಿಕೆಯ ಮೊದಲ ದಿನಗಳದು, ಅರ್ಧ ಗಂಟೆಯ ಸಿನಿಮಾ. ಎಲ್ಲೋ ದೂರದ ಸೀಮೆಯಲ್ಲಿ ತೆಗೆದದ್ದು. ಮಾತು ಇಂಗ್ಲಿಷಿನಲ್ಲಿದ್ದುದರಿಂದ ನಾನು ಧ್ವನಿ ನಿಲ್ಲಿಸಿ ನನ್ನದೇ ವಿವರಣೆ ಕೊಡುವುದೆಂದು ತೀರ್ಮಾನವಾಯಿತು. ಮೊದಲ ಪ್ರದರ್ಶನಕ್ಕೆ ಹೆಡ್‌ಮಾಸ್ಟರು ಊರ ಗಣ್ಯರನ್ನೂ ಕರೆದಿದ್ದರು. ಮಧ್ಯಾಹ್ನ ಮೂರು ಗಂಟೆಗೆ ಕಿಟಕಿಗಳಿಗೆ ಗೋಣಿತಾಟು ಹೊಡೆದು ಕತ್ತಲು ಮಾಡಿದೆವು. ಶಾಲೆಗೆ ನೀರು ತುಂಬುತ್ತಿದ್ದ ಹೊಂಬಾಳಮ್ಮ ಕೊಡ ಇಳಿಸಿ ಬಾಗಿಲ ಹತ್ತಿರ ನಿಂತಿದ್ದಳು.

ಕುದುರೆಗಳು ಬಂದವು. ಹಸಿರು ಗೆರೆಯ ದೊರೆ ಬಂದ. ಅರ್ಚಕರು ಪೂರ್ಣಕುಂಭ ಹಿಡಿದು ಅವನನ್ನು ಎದುರುಗೊಂಡರು. ಒಬ್ಬ ಸಾಹುಕಾರ ಕೊಳ್ಳಲು ಒಂದು ತಕ್ಕಡಿ, ಮಾರಲು ಒಂದು ತಕ್ಕಡಿ ಇಟ್ಟುಕೊಂಡು ರಾಗಿ ಅಳೆದ. ಇದಕ್ಕೆಲ್ಲ ನಾನು ಧಾರಾಳವಾಗಿ ಮಾತು ಸೇರಿಸಿದೆ, ಮಕ್ಕಳು ನಕ್ಕರು. ಆಮೇಲೆ ಚಾವಡಿಯ ಮುಂದಿನ ಬಯಲು ಬಂತು. ಕಂದಾಯ ಕಟ್ಟದ ಆರು ಜನ ಬಿಸಿಲಿನಲ್ಲಿ ಸಾಲಾಗಿ ಬಗ್ಗಿ ನಿಂತಿದ್ದರು. ಒಬ್ಬೊಬ್ಬರ ಬೆನ್ನ ಮೇಲೂ ಒಂದೊಂದು ಚಪ್ಪಡಿ ಕಲ್ಲು. ಜಗಲಿಯ ಮೇಲೆ ಬಿಳಿ ರುಮಾಲಿನ ಪಟೇಲ, ಅವನ ಪಕ್ಕದಲ್ಲಿ ಛತ್ರಿಯ ನೆರಳಿನಲ್ಲಿ ಮಾವಿನಹಣ್ಣು ತಿನ್ನುತ್ತಿದ್ದ ದೊರೆ. ಒಬ್ಬ ಹೆಂಗಸು ನೆನೆಸಿದ ಸೆರಗು ಹಿಡಿದು ಓಡಿಬಂದಳು. ಗಂಡನಿಗೆ ಕುಡಿಸುತ್ತಾಳೆ ಎಂದುಕೊಂಡೆ. ಇಲ್ಲ, ಕಲ್ಲಿನ ಮೇಲೆ ಹಿಂಡಿದಳು. ಕಾದ ಕಲ್ಲು ಬೆನ್ನು ಸುಡುತ್ತಿತ್ತು. ಜವಾನ ದಬ್ಬಿದ. ಮತ್ತೆ ನೆನೆಸಿಕೊಂಡು ಬಂದಳು.

ಆ ಎರಡು ನಿಮಿಷ ನಾನು ಏನೂ ಹೇಳಲಿಲ್ಲ. ಮಕ್ಕಳೂ ಸುಮ್ಮನಿದ್ದರು. ಹದಿನೈದು ವರ್ಷದಲ್ಲಿ ನಾನು ಕಲಿಸಿದ ಚರಿತ್ರೆ ಅಷ್ಟೇ.

ಮಾರನೆಯ ಬೆಳಿಗ್ಗೆ ಮಂಡಿಯ ಬಸಲಿಂಗ ಶೆಟ್ಟರು ಶಾಲೆಗೆ ಬಂದರು.

"ಆ ತಕ್ಕಡಿ ಹಿಡಿದೋನು ನಮ್ಮ ಮುತ್ತಾತನ ಥರಾನೇ ಇದ್ದಾನಲ್ರೀ ಮೇಷ್ಟ್ರೇ. ಮೀಸೆ ನೋಡಿದ್ರಾ?"

"ಶೆಟ್ಟರೇ, ಅವನು ಯಾರೋ ನಾಟಕದೋನು."

"ಯಾರಾದ್ರೂ ಆಗ್ಲಿ. ನಾಳೆ ಹುಡುಗರು ನಮ್ಮ ಅಂಗಡಿ ಮುಂದೆ ನಿಂತು ಆಡ್ಕೊಳ್ಳೋದು ಬೇಡ."

ಹೆಡ್‌ಮಾಸ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ಕತ್ತರಿಸಿ ಅಂಟಿಸೋಕೆ ಬರುತ್ತಲ್ರೀ? ಸ್ವಲ್ಪ ತೆಗೀರಿ. ಒಂದು ತಕ್ಕಡಿ ಇಲ್ದಿದ್ರೆ ಚರಿತ್ರೆ ಏನು ಬಿದ್ದುಹೋಗಲ್ಲ."

ಅಂಟಿಸಲು ನನಗೆ ಬರುತ್ತಿತ್ತು. ತಕ್ಕಡಿ ಹೋಯಿತು. ಸಂಜೆ ಅರ್ಚಕರು ಬಂದರು, ಪೂರ್ಣಕುಂಭ ಹೋಯಿತು. ಮೂರನೆಯ ದಿನ ಪಟೇಲ್ ದ್ಯಾವೇಗೌಡರು ತಾವು ಬರದೆ ನನ್ನನ್ನೇ ಮನೆಗೆ ಕರೆಸಿಕೊಂಡರು. ಶಾಲೆಯ ಜಾಗ ಅವರು ಕೊಟ್ಟದ್ದು, ಕಮಿಟಿಗೂ ಅವರೇ ಅಧ್ಯಕ್ಷರು. ಆ ಕಮಿಟಿ ನನ್ನ ಕೆಲಸವನ್ನು ಹದಿನೈದು ವರ್ಷವಾದರೂ ಖಾಯಂ ಮಾಡಿರಲಿಲ್ಲ.

"ಆ ರುಮಾಲು ಕಟ್ಟಿರೋ ರೀತಿ ನಮ್ಮ ಮನೇದು ಮೇಷ್ಟ್ರೇ. ಇಡೀ ಸೀಮೇಲಿ ಇನ್ಯಾರೂ ಹಾಗೆ ಕಟ್ಟಲ್ಲ."

"ಸಿನಿಮಾದೋರಿಗೆ ಅದು ಹೇಗೆ ಗೊತ್ತಾಗುತ್ತೆ ಗೌಡರೇ?"

"ಅದನ್ನೇ ನಾನೂ ಕೇಳ್ತಿರೋದು," ಎಂದರು. "ಆ ತುಂಡು ಕತ್ತರಿಸಿ ಇಲ್ಲಿಗೇ ತನ್ನಿ. ನಿಮ್ಮ ಅರ್ಜಿ ಮೊನ್ನೆ ಕಣ್ಣಿಗೆ ಬಿತ್ತು. ನೋಡೋಣ."

ಇಪ್ಪತ್ತೈದು ಗಜ ಇತ್ತು. ಸುತ್ತಿ, ಕಾಗದದಲ್ಲಿ ಕಟ್ಟಿ ತಂದುಕೊಟ್ಟೆ. ಗೌಡರು ಅದನ್ನು ಬಚ್ಚಲ ಒಲೆಗೆ ಹಾಕಿಸಿದರು. ಕೂದಲು ಸುಟ್ಟ ಹಾಗೆ ನಾತ ಬಂತು. ನನಗೆ ಕಾಫಿ ಕೊಟ್ಟರು. ಕಾಫಿ ಚೆನ್ನಾಗಿತ್ತು. ಮುಂದಿನ ತಿಂಗಳು ನನ್ನ ಕೆಲಸ ಖಾಯಂ ಆಯಿತು.

ಆಮೇಲೆ ಇನ್ನೂ ನಾಲ್ಕಾರು ಜನ ಬಂದರು. ಅವರ ಅಜ್ಜಂದಿರೂ ಒಬ್ಬೊಬ್ಬರಾಗಿ ಹೋದರು. ಬಾರುಕೋಲು ಹಿಡಿದವನು, ಸಹಿ ಹಾಕಿಸಿಕೊಂಡವನು, ಬಾಗಿಲು ಕಾದವನು, ಎಲ್ಲರಿಗೂ ವಾರಸುದಾರರಿದ್ದರು. ಹೊಡೆಸಿಕೊಂಡವರಲ್ಲಿ ನಮ್ಮಜ್ಜನಿದ್ದಾನೆ ಎಂದು ಹೇಳಿಕೊಂಡು ಯಾರೂ ಬರಲಿಲ್ಲ. ಕೊನೆಗೆ ಹನ್ನೊಂದು ನಿಮಿಷ ಉಳಿಯಿತು. ಕುದುರೆಗಳು ಓಡುತ್ತಿದ್ದವು, ಹಸಿರು ಗೆರೆಯ ದೊರೆ ಮಾವಿನಹಣ್ಣು ಕೈಗೆತ್ತಿಕೊಳ್ಳುತ್ತಿದ್ದ, ತಕ್ಷಣ ಬೇರೆ ಊರಿನಲ್ಲಿರುತ್ತಿದ್ದ. 'ಕಂಪನಿ ಆಳ್ವಿಕೆಯ ಮೊದಲ ದಿನಗಳಲ್ಲಿ ಜನಜೀವನ ಹೇಗಿತ್ತು?' ಎಂದು ಪರೀಕ್ಷೆಯಲ್ಲಿ ಕೇಳಿದೆ. 'ಕುದುರೆಗಳು ದಷ್ಟಪುಷ್ಟವಾಗಿದ್ದವು. ಹಣ್ಣುಹಂಪಲು ಹೇರಳವಾಗಿತ್ತು. ದೊರೆಯು ಬಹಳ ಬೇಗ ಊರಿಂದೂರಿಗೆ ಹೋಗುತ್ತಿದ್ದನು,' ಎಂದು ಒಬ್ಬಳು ಬರೆದಳು. ಕಂಡದ್ದನ್ನು ಬರೆದಿದ್ದಳು, ಹತ್ತಕ್ಕೆ ಹತ್ತು ಕೊಟ್ಟೆ.

ಹೊಂಬಾಳಮ್ಮ ಬಂದದ್ದು ಅದಾದ ಮೇಲೆ. ಹಂಡೆಗೆ ನೀರು ಸುರಿದು, ಕೈ ಒರೆಸಿಕೊಂಡು ನಿಂತಳು.

"ಮೇಷ್ಟ್ರೇ, ಆ ಕಲ್ಲು ಹೊತ್ತೋರ್ದು ಇನ್ನೊಂದ್ ಕಿತ ತೋರಿಸ್ತೀರಾ? ನನ್ ಮಗ ನೋಡ್ಬೇಕು."

"ಯಾಕಮ್ಮ?"

"ನಮ್ ಹಟ್ಟಿ ಮದುವೆ ನೀವು ನೋಡಿಲ್ವಾ?"

ನೋಡಿದ್ದೆ. ಊರಿಗೆಲ್ಲ ಅದೊಂದು ತಮಾಷೆ. ಕೆರೆಯಾಚೆಯ ಅವರ ಹಟ್ಟಿಯಲ್ಲಿ, ತಾಳಿ ಕಟ್ಟಿದ ಮೇಲೆ ಮದುಮಗ ಬೆನ್ನ ಮೇಲೆ ಒಂದು ಚಪ್ಪಡಿ ಹೊತ್ತು, ಬಗ್ಗಿಕೊಂಡು ಚಪ್ಪರವನ್ನು ಮೂರು ಸುತ್ತು ಬರಬೇಕು. ಮದುಮಗಳು ಹಿಂದೆ ನಡೆದು ಚೊಂಬಿನಿಂದ ಆ ಕಲ್ಲಿನ ಮೇಲೆ ನೀರು ಬಿಡಬೇಕು. ಯಾಕೆ ಎಂದು ಅವರಿಗೇ ಗೊತ್ತಿರಲಿಲ್ಲ. ಊರಿನವರು ಅವರನ್ನು 'ಕಲ್ಲಿಗೆ ಮೀಯಿಸೋರು' ಎಂದು ಕರೆಯುತ್ತಿದ್ದರು. ಆ ಹೆಸರಿಟ್ಟವನು ನಾನಲ್ಲ, ಆದರೆ ಅದನ್ನು ಬಳಸುವವರಲ್ಲಿ ನಾನೂ ಒಬ್ಬನಾಗಿದ್ದೆ.

"ನಮ್ಮವ್ವನ್ನ ಕೇಳಿದೆ, ಅವಳ ಅವ್ವನ್ನ ಕೇಳಿದೆ. ಹಿಂದಿಂದ ಬಂದದ್ದು ಅಂದ್ರು, ಅಷ್ಟೇ. ಅವತ್ತು ನಿಮ್ಮ ಪಂಚೆ ಮ್ಯಾಲೆ ಆ ಹೆಣ್ಣು ಸೆರಗು ಹಿಂಡಿದ್ಲಲ್ಲ ಮೇಷ್ಟ್ರೇ, ನಂಗೆ ಕಾಲೇ ಬರ್ಲಿಲ್ಲ. ನನ್ ಮಗ ತನ್ ಮದುವೇಲಿ ಹೊರಲ್ಲ ಅಂತಾನೆ. ಬಸ್ ಡಿಪೋದೋರೆಲ್ಲ ಬರ್ತಾರಂತೆ, ಅವರ ಮುಂದೆ ಕತ್ತೆ ಥರ ಬಗ್ಗಲ್ಲ ಅಂತಾನೆ. ಹಟ್ಟಿ ಹುಡುಗರಿಗೆಲ್ಲ ಅವನೇ ಹಿರೀಕ. ಅವನು ಬಿಟ್ರೆ ಇನ್ ಯಾರೂ ಹೊರಲ್ಲ. ಕಣ್ಣಾರೆ ನೋಡಿದ್ರೆ ಹೊರ್ತಾನೆ."

ಶುಕ್ರವಾರ ಪ್ರದರ್ಶನ ಇದೆ ಎಂದೆ. ಆ ತುಂಡು ಇಲ್ಲ ಎಂದು ಹೇಳಲು ಬಾಯಿ ತೆರೆದೆ. ಹೆಡ್‌ಮಾಸ್ಟರು ವರಾಂಡದಲ್ಲಿ ಬರುತ್ತಿದ್ದರು. ಮುಚ್ಚಿಕೊಂಡೆ.

ಅವಳ ಮಗ ಮರಿಸ್ವಾಮಿ ಬಸ್ ಕಂಡಕ್ಟರ್, ನನ್ನ ಹಳೆಯ ವಿದ್ಯಾರ್ಥಿ. ಶುಕ್ರವಾರ ಖಾಕಿ ಬಟ್ಟೆಯಲ್ಲೇ ಬಂದು ಕೊನೆಯ ಬೆಂಚಿನಲ್ಲಿ ಕೂತ. ಪಕ್ಕದಲ್ಲಿ ಅವಳು ನೆಲದ ಮೇಲೆ. ಕುದುರೆಗಳು ಓಡಿದವು. ದೊರೆಯ ಹಸಿರು ಗೆರೆ ಕಾಣಿಸಿತು.

"ಈಗ ಬರ್ತದೆ ನೋಡು," ಎಂದಳು.

ದೊರೆ ಹಣ್ಣು ಎತ್ತಿಕೊಂಡ. ಬೇರೆ ಊರಿನಲ್ಲಿದ್ದ.

"ಎಲ್ಲವ್ವ ಕಲ್ಲು?"

"ತಡಿಯೋ, ಬರ್ತದೆ."

ಹನ್ನೊಂದನೆಯ ನಿಮಿಷಕ್ಕೆ ಬರಿಯ ಪಂಚೆ ಉಳಿಯಿತು. ಮರಿಸ್ವಾಮಿ ಎದ್ದು, ತಾಯಿಯ ಭುಜ ತಟ್ಟಿ, "ಡ್ಯೂಟಿಗೆ ಹೊತ್ತಾಯ್ತು," ಎಂದು ಹೋದ. ಅವನು ರೇಗಿದ್ದರೆ ಚೆನ್ನಾಗಿತ್ತು.

"ರೀಲು ಹಳೇದು ಕಣಮ್ಮ," ಎಂದೆ. "ತುಂಡಾಗಿ ಹೋಯ್ತು."

"ನಿಮ್ ಕೈಲಿ ಕತ್ತರಿ ಇದ್ದದ್ದು ನೋಡಿದ್ದೆ ಮೇಷ್ಟ್ರೇ," ಎಂದಳು ಹೊಂಬಾಳಮ್ಮ. "ಬ್ಯಾರೆ ಏನೋ ಕತ್ತರಿಸ್ತಿದ್ದೀರಿ ಅಂದ್ಕೊಂಡೆ." ಕೊಡ ಎತ್ತಿಕೊಂಡು ಹೋದಳು.

ಮಾರನೆಯ ದಿನ ನಾನು ಬಸ್‌ಸ್ಟ್ಯಾಂಡಿಗೆ ಹೋದೆ. ಮರಿಸ್ವಾಮಿ ಟಿಕೆಟ್ ಹರಿಯುತ್ತಿದ್ದ. ಎಲ್ಲವನ್ನೂ ಹೇಳಿದೆ. ಆರು ಜನ, ಚಪ್ಪಡಿ, ಸೆರಗು, ಗೌಡರ ಬಚ್ಚಲ ಒಲೆ, ಕಾಫಿ. ನನ್ನ ಜೀವನದಲ್ಲಿ ಒಂದಕ್ಷರ ಸೇರಿಸದೆ ಹೇಳಿದ ಕತೆ ಅದೊಂದೇ. ಹಾಗೆ ಹೇಳಿ ಅಭ್ಯಾಸವಿಲ್ಲದ್ದರಿಂದ ನಡುನಡುವೆ ತಡವರಿಸಿದೆ.

ಅವನು ಪೂರ್ತಿ ಕೇಳಿದ. ಆಮೇಲೆ ನಕ್ಕ.

"ಸಾರ್, ಆ ಕುದುರೆ ಕಚ್ಚಿದ ಗೋಡೆ ನೆನಪಿದ್ಯಾ? ನಾನು ಹತ್ತು ವರ್ಷ ನಂಬಿದ್ದೆ. ಡಿಪೋಲಿ ಎಲ್ಲರ ಮುಂದೆ ಹೇಳ್ದೆ. ಒಂದು ವರ್ಷ ನನ್ನನ್ನ ಕುದುರೆ ಅಂತಲೇ ಕರೆದ್ರು."

"ಅದು ಸುಳ್ಳು ಮರಿಸ್ವಾಮಿ. ಇದು ನಿಜ."

"ಅವತ್ತೂ ಹೀಗೇ ಅಂದಿದ್ರಿ ಸಾರ್, ಇದೇ ಮುಖ ಇಟ್ಕೊಂಡು." ಒಂದು ಟಿಕೆಟ್ ಹರಿದು ಮುಂದಿನವರಿಗೆ ಕೊಟ್ಟ. "ನಮ್ಮವ್ವ ಪಾಪ, ನಿಮ್ಮನ್ನ ಕಳಿಸಿದ್ದಾಳೆ. ನಂಗೊತ್ತು. ಮದುವೆಗೆ ಬನ್ನಿ, ಊಟ ಚೆನ್ನಾಗಿರುತ್ತೆ." ಸೀಟಿ ಊದಿದ. ಬಸ್ಸು ಹೊರಟಿತು.

ಗೌಡರ ಬಳಿ ಹೋಗಿ, ಹಟ್ಟಿಯವರ ಮುಂದೆ ಒಂದು ಮಾತು ಹೇಳಿ ಎಂದು ಕೇಳಬಹುದಿತ್ತು. ಹೆಡ್‌ಮಾಸ್ಟರಿಂದ ಸಾಕ್ಷಿ ಹೇಳಿಸಬಹುದಿತ್ತು. ಜಿಲ್ಲಾ ಕಚೇರಿಗೆ ಬರೆದು ಇನ್ನೊಂದು ಪ್ರತಿ ತರಿಸಬಹುದಿತ್ತು, ಆದರೆ ಮೊದಲನೆಯದನ್ನು ಏನು ಮಾಡಿದಿರಿ ಎಂದು ಅವರು ಕೇಳುತ್ತಿದ್ದರು. ಮದುವೆಗೆ ಇನ್ನೂ ಹತ್ತೊಂಬತ್ತು ದಿನ ಇತ್ತು. ಅಷ್ಟರಲ್ಲಿ ನಾನು ಮಾಡಿದ್ದು ಒಂದೇ ಕೆಲಸ, ಮದುವೆಗೆಂದು ಒಂದು ಹೊಸ ಶರ್ಟು ಹೊಲಿಸಿದೆ.

ಬೇಸಿಗೆಯ ಮಧ್ಯಾಹ್ನ. ಮುಂದಿನ ಕುರ್ಚಿಯಲ್ಲಿ ಗೌಡರು, ಅವರ ಪಕ್ಕ ಹೆಡ್‌ಮಾಸ್ಟರು, ಅವರ ಪಕ್ಕ ನಾನು. ಡಿಪೋದ ಮೂವತ್ತು ಜನ. ತಾಳಿ ಕಟ್ಟಿದ್ದಾಯಿತು. ಹಟ್ಟಿಯ ಮುದುಕರು ಚಪ್ಪಡಿ ತಂದು ಚಪ್ಪರದ ಹೊರಗೆ ಇಟ್ಟು ಕಾದರು. ಮರಿಸ್ವಾಮಿ ಅದರ ಕಡೆ ನೋಡದೆ ಗೆಳೆಯರ ಜೊತೆ ಫೋಟೋಗೆ ನಿಂತ.

ಹೊಂಬಾಳಮ್ಮ ಯಾರನ್ನೂ ಏನೂ ಕೇಳಲಿಲ್ಲ. ಹೊರಗೆ ಹೋಗಿ, ಬಗ್ಗಿ, "ಹೊರಿಸ್ರೋ," ಎಂದಳು. ಮುದುಕರು ಅನುಮಾನಿಸಿದರು. "ಹೊರಿಸ್ರೋ ಅಂದ್ರೆ."

ಹೊರಿಸಿದರು. ಅವಳು ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ಸುತ್ತಲು ಶುರುಮಾಡಿದಳು. ಡಿಪೋದವರಲ್ಲಿ ಯಾರೋ ಕಿಸಕ್ಕೆಂದ. ಫೋಟೋಗ್ರಾಫರ್ ಮದುಮಗನ ಮುಖ ನೋಡಿದ, ಮದುಮಗ ಬೇಡವೆಂದು ತಲೆಯಾಡಿಸಿದ, ಅವನು ಕ್ಯಾಮೆರಾಕ್ಕೆ ಮುಚ್ಚಳ ಹಾಕಿದ. ಮದುಮಗಳು ಚೊಂಬಿಗೆ ಕೈಹಾಕಿ ಗಂಡನ ಕಡೆ ನೋಡಿದಳು. ಅವನು ಗಡಿಯಾರ ನೋಡಿಕೊಳ್ಳುತ್ತಿದ್ದ. ಕೈ ಹಿಂದಕ್ಕೆ ತೆಗೆದಳು.

ಎರಡನೆಯ ಸುತ್ತಿನಲ್ಲಿ ಗೌಡರು ನನ್ನ ಕಡೆ ಬಾಗಿ, "ಏನ್ ಮೇಷ್ಟ್ರೇ, ಕಲ್ಲಿಗೆ ನೀರು ಬೀಳ್ಲೇ ಇಲ್ವಲ್ಲ," ಎಂದು ನಕ್ಕರು. ಹೆಡ್‌ಮಾಸ್ಟರೂ ನಕ್ಕರು. ನಾನೂ ನಕ್ಕೆ. ನನ್ನ ಕೈಯಲ್ಲಿ ಪಾನಕದ ಲೋಟ ಇತ್ತು.

ಮೂರನೆಯ ಸುತ್ತು ಮುಗಿಸಿ ಅವಳು ಕಲ್ಲು ಇಳಿಸಿದಳು. ಬೆನ್ನು ನೆಟ್ಟಗಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಊಟಕ್ಕೆ ಎಲೆ ಹಾಕಿದರು. ಅವಳೇ ಬಡಿಸಲು ನಿಂತಳು. ಹೊಸ ಸೀರೆಯ ಬೆನ್ನಿನ ಮೇಲೆ ಕಲ್ಲಿನ ಧೂಳು ಚೌಕಾಕಾರವಾಗಿ ಅಂಟಿತ್ತು. ನನ್ನ ಎಲೆಗೆ ಪಾಯಸ ಬಿಟ್ಟು ಮುಂದಿನ ಎಲೆಗೆ ಬಗ್ಗಿದಾಗ ಅದು ನನ್ನ ಕಣ್ಣೆದುರಿಗೇ ಇತ್ತು. ಕೊನೆಯ ಪಂಕ್ತಿ ಏಳುವ ತನಕ ಅವಳು ಹಾಗೇ ಓಡಾಡಿದಳು. ನೋಡಿದವರು ಯಾರೂ ಅವಳಿಗೆ ಹೇಳಲಿಲ್ಲ, ಯಾರೂ ಒರೆಸಲೂ ಇಲ್ಲ.