ಠೇವಣಿಯಲ್ಲಿದ್ದ ಹುಡುಗಿ

ಮೇಲಿನ ಸಣ್ಣ ಕೋಣೆಯನ್ನು ಕೌಸಲ್ಯಾ ಈಗಲೂ ಪ್ರೇರಣಾಳ ಕೋಣೆ ಎಂದೇ ಕರೆಯುತ್ತಾಳೆ. ಆ ಹುಡುಗಿ ಅಲ್ಲಿ ಇದ್ದದ್ದು ಒಂದೇ ವಾರ, ೨೦೦೧ರ ಬೇಸಿಗೆಯಲ್ಲಿ. ಆಮೇಲೆ ಇಂಗ್ಲೆಂಡಿನ ಕೊವೆಂಟ್ರಿಯ ಆ ಮನೆಗೆ ಎಷ್ಟೋ ಜನ ಬಾಡಿಗೆಗೆ ಬಂದು ಹೋಗಿದ್ದಾರೆ. ಆದರೂ ಕಿಟಕಿ ತೆರೆದು ಹೊದಿಕೆ ಕೊಡವುವಾಗ ಅವಳಿಗೆ ನೆನಪಾಗುವುದು ಆ ವಾರದ ನಗು, ರೊಟ್ಟಿ ಸೀದ ವಾಸನೆ.

ಪ್ರೇರಣಾ ಎಂ.ಎಸ್ಸಿ. ಓದಲು ಬಂದವಳು, ಹಬ್ಬದ ದಿನ ಕೌಸಲ್ಯಾಳ ಮನೆಗೆ ಊಟಕ್ಕೆ ಬರುತ್ತಿದ್ದಳು. ಕಾರು ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಜೀವನ್‌ನನ್ನು ಮದುವೆಯಾಗುತ್ತೇನೆ ಎಂದು ಅವಳು ಊರಿಗೆ ಫೋನ್ ಮಾಡಿದ್ದೇ ತಡ, ದಾವಣಗೆರೆಯಿಂದ ಅಪ್ಪ ಬಸವಲಿಂಗಪ್ಪ ವೀಸಾ ಮಾಡಿಸಿಕೊಂಡು ಬಂದಿಳಿದರು. ಜೀವನ್‌ನ ಅಜ್ಜ ಹರಿಹರದ ಬಸ್ ನಿಲ್ದಾಣದೆದುರು ಚಪ್ಪಲಿ ಹೊಲಿಯುತ್ತಿದ್ದವನು. ಅವರ ಆಕ್ಷೇಪ ಅದೊಂದೇ. ಮಗಳನ್ನು ವಾಪಸು ಕರೆದೊಯ್ಯಲು ಅವಳಿಗೂ ಟಿಕೆಟ್ ತಂದಿದ್ದರು.

ಮಾತುಕತೆಗೆ ಅಪ್ಪ, ಮಗಳು ಸೇರಿದ್ದು ಕೌಸಲ್ಯಾಳ ಮನೆಯಲ್ಲಿ. ದನಿ ಏರಿದ್ದು ಕೇಳಿ ಮನೆಯಲ್ಲಿ ಬಾಡಿಗೆಗಿದ್ದ ಇನೆಸ್ ಚಹಾದ ಮಗ್ ಹಿಡಿದು ಬಂದಳು. ಅವಳು ಪೆರು ದೇಶದವಳು. ಸ್ಪೇನಿನವರು ಆಳುತ್ತಿದ್ದ ಕಾಲದ ಲಿಮಾ ನಗರದ ಮದುವೆ ವ್ಯಾಜ್ಯಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಕೌಸಲ್ಯಾ ವಿಷಯ ಹೇಳಿದಳು.

"ಅರೆ, ನನ್ನ ಎರಡನೇ ಅಧ್ಯಾಯ ಸೋಫಾದ ಮೇಲೆ ಕೂತಿದೆಯಲ್ಲ!" ಎಂದಳು ಇನೆಸ್ ಇಂಗ್ಲಿಷಿನಲ್ಲಿ. "ಅಲ್ಲೊಬ್ಬ ಬಿಳಿಯ ವ್ಯಾಪಾರಿ. ಮಗಳು ಬೆಳ್ಳಿ ಕೆಲಸದವನನ್ನು ಇಷ್ಟಪಟ್ಟಳು. ಆ ಹುಡುಗನ ಅಜ್ಜಿ ಆಫ್ರಿಕಾದಿಂದ ತಂದು ಮಾರಿದ ಗುಲಾಮಳು. ರಕ್ತ ಸಮ ಅಲ್ಲ ಅಂತ ಅಪ್ಪ ಕೋರ್ಟಿಗೆ ಹೋದ."

"ಹೋಗಬೇಕಾದ್ದೇ," ಎಂದರು ಬಸವಲಿಂಗಪ್ಪ. ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು ಅವರು, ವ್ಯಾಜ್ಯ ಎಂದರೆ ಕಿವಿ ನಿಮಿರುತ್ತಿತ್ತು. "ಆಮೇಲೆ?"

"ಹುಡುಗಿಯನ್ನು ಠೇವಣಿ ಇಟ್ಟರು."

ಗೌರವಸ್ಥರ ಮನೆಯೊಂದರಲ್ಲಿ, ಎಷ್ಟೋ ಸಲ ಒಬ್ಬ ವಿಧವೆಯ ಮನೆಯಲ್ಲಿ, ಹುಡುಗಿಯನ್ನು ಕೋರ್ಟಿನವರು ಇರಿಸುತ್ತಿದ್ದರಂತೆ. ಅಪ್ಪನೂ ಕಾಣುವಂತಿಲ್ಲ, ಪ್ರಿಯಕರನೂ ಕಾಣುವಂತಿಲ್ಲ. ಕೊನೆಗೆ ಅವಳೊಬ್ಬಳನ್ನೇ ಕೂರಿಸಿ ಕೇಳುತ್ತಿದ್ದರಂತೆ: ನಿನಗೆ ಇಷ್ಟವೇ?

"ಗೌರವಸ್ಥ ವಿಧವೆ! ಹಾಗಾದರೆ ನಾನು ಪಾಸು," ಎಂದು ಕೌಸಲ್ಯಾ ನಕ್ಕಳು. ಗಂಡ ತೀರಿಕೊಂಡ ಮೇಲೆ ಆ ಪದವನ್ನು ತಮಾಷೆಗೆ ಆಡಿದ್ದು ಅದೇ ಮೊದಲು.

ಬಸವಲಿಂಗಪ್ಪ ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ಪದ್ಧತಿ ಚೆನ್ನಾಗಿದೆ. ಒಂದು ವಾರ ಇವಳು ಇಲ್ಲಿರಲಿ. ಆ ಹುಡುಗನ ಫೋನ್ ನಿಂತರೆ ತಲೆ ತಣ್ಣಗಾಗುತ್ತೆ. ಭಾನುವಾರ ನೀವೇ ಕೇಳಿ, ಅಮ್ಮಾ. ಇವಳು ಏನು ಹೇಳಿದರೂ ನಾನು ಬದ್ಧ."

"ನಾನೇನು ಪಾರ್ಸಲ್ಲಾ, ಅಪ್ಪಾಜಿ?"

"ಸುಮ್ಮನಿರು. ಸಾಕ್ಷಿ ಮಧ್ಯೆ ಮಾತಾಡಬಾರದು."

ಅವರು ಲೆಸ್ಟರ್‌ನಲ್ಲಿದ್ದ ಗೆಳೆಯ ಹರಿಪ್ರಸಾದರ ಮನೆಗೆ ಹೊರಟರು. ಜೀವನ್ ಕೂಡ ಫೋನಿನಲ್ಲೇ ಒಪ್ಪಿಕೊಂಡ.

ಕೌಸಲ್ಯಾಳ ಕೆಲಸ ನೀರು ಪರೀಕ್ಷಿಸುವ ಲ್ಯಾಬಿನಲ್ಲಿ. ಮಾದರಿಯನ್ನು ಸೀಲು ಮಾಡಿ ಹೊರಗಿನದೇನೂ ತಾಕದಂತೆ ಇಡುವುದು ಅವಳಿಗೆ ಅಭ್ಯಾಸ. ಸೀಲು ಮಾಡಿದ ಬಾಟಲಿಯೊಳಗೂ ನೀರು ತನ್ನಷ್ಟಕ್ಕೆ ಬದಲಾಗುತ್ತಿರುತ್ತದೆ ಎಂಬುದೂ ಗೊತ್ತು. ದಿನ ಕಳೆದಂತೆ ಪ್ರೇರಣಾ ಅಳುವುದನ್ನು ಬಿಟ್ಟು ಪ್ರಶ್ನೆ ಕೇಳತೊಡಗಿದಳು.

ಒಂದು ಸಂಜೆ ಮೂವರೂ ಅಡುಗೆಮನೆಯಲ್ಲಿದ್ದರು. ಇನೆಸ್ ತಟ್ಟಿದ ಜೋಳದ ರೊಟ್ಟಿ ಹೆಂಚಿನ ಮೇಲೆ ಒಡೆದು ದಕ್ಷಿಣ ಅಮೆರಿಕದ ನಕ್ಷೆಯಂತಾಗಿತ್ತು.

"ಆ ಲಿಮಾದ ಮನೆಯಲ್ಲಿ ಬೇರೆ ಹೆಂಗಸರೂ ಇದ್ದರಾ?" ಎಂದಳು ಪ್ರೇರಣಾ.

"ಬಟ್ಟೆ ಹೊಲಿಯೋ ಮಿಶ್ರ ರಕ್ತದ ಹುಡುಗಿ ಇದ್ದಳು. ಅಪ್ಪ ಕೋರ್ಟಿಗೆ ಹೋಗಿ ಮದುವೆ ತಡೆಯೋ ಕಾನೂನೇ ಅವಳಿಗೆ ಅನ್ವಯಿಸ್ತಿರಲಿಲ್ಲ. ಅಂಥವರು ಅಪ್ಪನ ಒಪ್ಪಿಗೆ ಇಲ್ಲದೆ ಯಾರನ್ನಾದರೂ ಮದುವೆ ಆಗಬಹುದಿತ್ತು."

"ಪುಣ್ಯವಂತೆ!"

"ಏನು ಪುಣ್ಯ? ಅವಳಿಗೆ ಕಳೆದುಕೊಳ್ಳೋಕೆ ಮಾನವೇ ಇಲ್ಲ ಅನ್ನೋದು ದೊಡ್ಡವರ ಲೆಕ್ಕ. ನಾಳೆ ಯಾರಾದರೂ ಕೈಹಿಡಿದು ಎಳೆದರೆ ಅವಳ ದೂರನ್ನು ಕೇಳೋರು ಯಾರು?"

ಪ್ರೇರಣಾ ಕೈಯಲ್ಲಿದ್ದ ಹಿಟ್ಟಿನ ಉಂಡೆ ಕೆಳಗಿಟ್ಟಳು. "ಮತ್ತೆ ಆ ಬೆಳ್ಳಿ ಕೆಲಸದವನು? ಅವನ ಅಜ್ಜಿ ಬಗ್ಗೆ ಊರೆಲ್ಲ ಮಾತಾಡಿತಲ್ಲ. ಅವನನ್ನು ಯಾರು ಏನು ಕೇಳಿದರು?"

"ಅವನ ಅಜ್ಜಿ ಯಾರು ಅಂತ ಕೇಳಿದರು. ಅಷ್ಟೇ."

ಆ ರೊಟ್ಟಿ ಸೀದೇ ಹೋಯಿತು.

ಭಾನುವಾರ ಬಸವಲಿಂಗಪ್ಪ ಸೂಟು ಹಾಕಿಕೊಂಡು ಬಂದರು. ಕೌಸಲ್ಯಾ ಮೆಟ್ಟಿಲು ಹತ್ತಿ ಬಾಗಿಲು ಮುಚ್ಚಿದಳು. ಮೈಸೂರಿನಲ್ಲಿ ಕೌಸಲ್ಯಾಳ ಮದುವೆ ಮಾತಾಡಿದ ದಿನ ಮನೆತುಂಬ ಜನರಿದ್ದರು. ಉಪ್ಪಿಟ್ಟಿಗೆ ಉಪ್ಪು ಸಾಕೇ ಎಂದು ಎಲ್ಲರನ್ನೂ ಕೇಳಿದ್ದರು.

"ನಿನಗೆ ಜೀವನ್ ಬೇಕಾ, ಪ್ರೇರಣಾ?"

"ಬೇಕು, ಆಂಟಿ." ಸ್ವಲ್ಪ ತಡೆದು ಹೇಳಿದಳು, "ಆದರೆ ಅಪ್ಪಾಜಿ ಅವನನ್ನೂ ಕೇಳಲಿ. ಅಜ್ಜನ ಮಾತೆತ್ತದೆ. ಆಗಲೇ ಈ ಮದುವೆ."

ಕೆಳಗೆ ಬಂದು ಕೌಸಲ್ಯಾ ಎರಡನ್ನೂ ಹೇಳಿದಳು. ಮೊದಲ ಮಾತಿಗೆ ಬಸವಲಿಂಗಪ್ಪನವರ ಮುಖ ಇಳಿಯಿತು. "ಮಾತು ಕೊಟ್ಟಿದ್ದೇನೆ, ಆಗಲಿ," ಎಂದರು. ಎರಡನೆಯದಕ್ಕೆ ತಲೆಯಲ್ಲಾಡಿಸಿದರು. "ಹುಡುಗನನ್ನು ಕೇಳೋದು ಪದ್ಧತಿಯಲ್ಲಿಲ್ಲ."

"ಇರಲಿಲ್ಲ, ಸರ್," ಎಂದಳು ಇನೆಸ್. "ಲಿಮಾದವರು ಎಡವಿದ್ದೇ ಅಲ್ಲಿ."

ಬಸವಲಿಂಗಪ್ಪ ಮತ್ತೆ ಕನ್ನಡಕ ತೆಗೆದು ಒರೆಸಿಕೊಂಡರು. ಕೊನೆಗೆ ಅವರೇ ಫೋನಿನತ್ತ ಕೈ ತೋರಿಸಿದರು. "ಕರೆಸಿ."

ಜೀವನ್ ಬಸ್ಸಿಳಿದು ಬಂದು ಬಾಗಿಲ ಬಳಿ ನಿಂತ. ಪ್ರೇರಣಾ ಮೆಟ್ಟಿಲ ಮೇಲೆ ನಿಂತಿದ್ದಳು. ಬಸವಲಿಂಗಪ್ಪ ಗಂಟಲು ಸರಿಪಡಿಸಿಕೊಂಡರು. ಎಷ್ಟೋ ಜನರ ಹೇಳಿಕೆ ನೋಡಿದ್ದ ಮನುಷ್ಯನಿಗೆ ಆ ಒಂದು ವಾಕ್ಯ ಕೂಡಿಸಲು ಕಷ್ಟವಾಯಿತು.

"ನಮ್ಮ ಮನೆ ಸಂಬಂಧ... ನಿಮಗೆ ಒಪ್ಪಿಗೆಯೇನಪ್ಪಾ?"

"ನಿಮ್ಮ ಮಗಳು ಒಪ್ಪಿಗೆ, ಸರ್," ಎಂದ ಜೀವನ್. "ನಿಮ್ಮ ಮನೆಯನ್ನ ಒಂದು ಸಲ ಬಂದು ನೋಡಿ ಹೇಳ್ತೀನಿ."

ಬಸವಲಿಂಗಪ್ಪ ಅವನನ್ನೇ ನೋಡಿದರು. ನಂತರ ಮಡಿಲಲ್ಲಿದ್ದ ಕೋಟನ್ನು ತೆಗೆದು, ಸೋಫಾದ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದರು.

"ನ್ಯಾಯವಾದ ಮಾತು," ಎಂದರು. "ಯಾವಾಗ ಬರ್ತೀರಿ?"